ಓದಿಗೆ ಹಾಕಿದ ದುಡ್ಡು ಎಲ್ಲಿ ಹುಟ್ಟುತ್ತದೆ, ಎಲ್ಲಿ ಹುಟ್ಟುವುದಿಲ್ಲ

ಪ್ರಶ್ನೆ: ನಮ್ಮದು ಜಗಳೂರು ತಾಲ್ಲೂಕಿನ ಹಳ್ಳಿ. ಐದು ಎಕರೆ ಖುಷ್ಕಿ, ಮೆಕ್ಕೆಜೋಳ ಮತ್ತು ಸ್ವಲ್ಪ ಶೇಂಗಾ. ಮಗ ಸರ್ಕಾರಿ ಹೈಸ್ಕೂಲಿನಲ್ಲಿ ಒಂಬತ್ತು ಮುಗಿಸಿ ಈ ಜೂನ್‌ನಲ್ಲಿ ಹತ್ತಕ್ಕೆ ಬಂದಿದ್ದಾನೆ, ಗಣಿತ ಕಷ್ಟ. ದಾವಣಗೆರೆಯ ಪರಿಚಯದವರೊಬ್ಬರು ತಮ್ಮ ಬಟ್ಟೆ ಅಂಗಡಿಗೆ ತಿಂಗಳಿಗೆ 8,000 ಕೊಟ್ಟು ಇಟ್ಟುಕೊಳ್ಳುತ್ತೇವೆ ಎನ್ನುತ್ತಿದ್ದಾರೆ. ಮಗಳು ಊರಿನ ಶಾಲೆಯಲ್ಲಿ ಐದನೇ ತರಗತಿ. ಮುಂದಿನ ವರ್ಷ ಆರಕ್ಕೆ ಪೇಟೆಯ ಇಂಗ್ಲಿಷ್ ಮೀಡಿಯಂ ಶಾಲೆಗೆ ಹಾಕಿದರೆ ಫೀಸು 36,000, ವ್ಯಾನು 14,000, ಪುಸ್ತಕ-ಯೂನಿಫಾರ್ಮು 10,000. ಪಕ್ಕದ ಮನೆಯ ಹುಡುಗ ಬಿಇ ಮುಗಿಸಿ ಎರಡು ವರ್ಷದಿಂದ ಮನೆಯಲ್ಲೇ ಇದ್ದಾನೆ. ಇದನ್ನೆಲ್ಲ ನೋಡಿದರೆ ಓದಿಸುವುದು ಲಾಭವೋ ನಷ್ಟವೋ ತಿಳಿಯದು. ನೇರವಾಗಿ ದುಡ್ಡಿನ ಲೆಕ್ಕದಲ್ಲಿ ಹೇಳಿ.

ಉತ್ತರ: ಮಗನನ್ನು ಈ ವರ್ಷ ಬಿಡಿಸಬೇಡಿ. ಮಗಳಿಗೆಂದು ವರ್ಷಕ್ಕೆ 60,000 ಹೊಂದಿಸುವ ಶಕ್ತಿ ನಿಮಗಿದ್ದರೆ ಅದನ್ನು ಆರನೇ ತರಗತಿಗೆ ಸುರಿಯಬೇಡಿ, ಹತ್ತರ ಆಚೆಗೆ ಉಳಿಸಿ. ಎರಡು ಮಾತಿನ ಹಿಂದೆಯೂ ಇರುವ ಲೆಕ್ಕ ಒಂದೇ. ನಮ್ಮ ಭಾಗದಲ್ಲಿ ಮಕ್ಕಳ ಓದಿನಿಂದ ಸಾಲಕ್ಕೆ ಬಿದ್ದ ಬಹುತೇಕ ಮನೆಗಳು ಕೆಳಗಿನ ತರಗತಿಗಳಲ್ಲೇ ದುಡ್ಡು ಮುಗಿಸಿಕೊಂಡಿರುತ್ತವೆ. ಪಿಯುಸಿಗೋ ಡಿಪ್ಲೊಮಾಕ್ಕೋ ಬರುವ ಹೊತ್ತಿಗೆ ಕೈ ಖಾಲಿ. ಆಗ ಬಡ್ಡಿ ಸಾಲ, ಇಲ್ಲವೇ ಓದು ಅರ್ಧಕ್ಕೆ. ಮೆಕ್ಕೆಜೋಳಕ್ಕೆ ಬಿತ್ತುವಾಗಲೇ ಮೂಟೆಗಟ್ಟಲೆ ಗೊಬ್ಬರ ಚೆಲ್ಲಿ, ತೆನೆ ಕಾಳು ಕಟ್ಟುವಾಗ ಒಂದು ನೀರು ಕೊಡಲಾಗದೆ ಕೂತಂತೆ.

ಖರ್ಚು ಎಂದರೆ ಏನೇನು

ಫೀಸು, ಪುಸ್ತಕ, ಬಸ್ಸು ಎಲ್ಲರ ಕಣ್ಣಿಗೂ ಬೀಳುತ್ತವೆ. ಅದಕ್ಕಿಂತ ದೊಡ್ಡದು ಹುಡುಗ ಶಾಲೆಯಲ್ಲಿ ಕೂತಿದ್ದರಿಂದ ಮನೆಗೆ ಬಾರದೆ ಹೋದ ಕೂಲಿ ಅಥವಾ ಸಂಬಳ. ನಿಮ್ಮ ಮಗನ ಲೆಕ್ಕದಲ್ಲಿ ಅದು ವರ್ಷಕ್ಕೆ 96,000. ಸರ್ಕಾರಿ ಹೈಸ್ಕೂಲಿನ ಖರ್ಚು ಅದರ ಹತ್ತನೇ ಒಂದು ಪಾಲೂ ಆಗದು. ಮೂರನೆಯದು ಬಡ್ಡಿ. ಅದನ್ನು ಯಾರೂ ಓದಿನ ಖಾತೆಗೆ ಬರೆಯುವುದಿಲ್ಲ, ಆದರೆ ಲಾಭ ನಷ್ಟವನ್ನು ಎಷ್ಟೋ ಸಲ ತೀರ್ಮಾನಿಸುವುದು ಅದೇ.

ಊಟ-ಬಟ್ಟೆಯನ್ನು ಓದಿನ ಖರ್ಚಿಗೆ ಸೇರಿಸಬೇಡಿ. ಅಂಗಡಿಯಲ್ಲಿದ್ದರೂ ಶಾಲೆಯಲ್ಲಿದ್ದರೂ ಹುಡುಗ ಉಣ್ಣಲೇಬೇಕು. ಸರ್ಕಾರಿ ಶಾಲೆಯ ಮಗುವಿನ ವಿಷಯದಲ್ಲಂತೂ ಲೆಕ್ಕ ತಿರುಗಿಯೇ ಬರೆಯಬೇಕು. ಬಿಸಿಯೂಟದಲ್ಲಿ ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ, ಆರರಿಂದ ಎಂಟಕ್ಕೆ 150 ಗ್ರಾಂ ಧಾನ್ಯ ನಿಗದಿಯಾಗಿದೆ. ಪ್ರೋಟೀನು ಕ್ರಮವಾಗಿ 12 ಮತ್ತು 20 ಗ್ರಾಂ. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ 150 ಮಿಲಿ ಹಾಲೂ ಸೇರಿದೆ. ಶಿಕ್ಷಣ ಹಕ್ಕು ಕಾಯ್ದೆಯಂತೆ ಐದರವರೆಗೆ ಕನಿಷ್ಠ 200, ಆರರಿಂದ ಎಂಟಕ್ಕೆ 220 ಶಾಲಾ ದಿನ. ನಿಮ್ಮ ಮನೆಯಲ್ಲಿ ಒಂದು ಮಧ್ಯಾಹ್ನದ ಊಟಕ್ಕೆ 20 ರೂಪಾಯಿ ಬೀಳುತ್ತದೆ ಎಂದಿಟ್ಟುಕೊಂಡರೂ ವರ್ಷಕ್ಕೆ 4,400 ಮನೆಗೆ ಉಳಿತಾಯ. ಪಠ್ಯಪುಸ್ತಕ, ಸಮವಸ್ತ್ರ, ಶೂ-ಸಾಕ್ಸ್ ಬೇರೆ. ಮಗಳನ್ನು ಖಾಸಗಿ ಶಾಲೆಗೆ ಹಾಕಿದರೆ 60,000 ಕೊಡುವುದರ ಜೊತೆಗೆ ಇದನ್ನೂ ಬಿಟ್ಟುಕೊಡುತ್ತೀರಿ.

ಚಿಕ್ಕ ಮಕ್ಕಳ ದುಡಿಮೆಯ ಬೆಲೆಯನ್ನು ನಮ್ಮವರು ಹೆಚ್ಚಾಗಿಯೇ ಎಣಿಸುತ್ತಾರೆ. ಹತ್ತು-ಹನ್ನೊಂದರ ಮಗು ಮನೆಯಲ್ಲಿದ್ದರೆ ವರ್ಷವಿಡೀ ಕೆಲಸ ಇರುವುದಿಲ್ಲ. ಖುಷ್ಕಿಯಲ್ಲಿ ಬಿತ್ತನೆ, ಕಳೆ, ಶೇಂಗಾ ಕೀಳುವುದು, ತೆನೆ ಮುರಿಯುವುದು ಎಲ್ಲ ಸೇರಿ ಮಗುವಿನಿಂದ ನಿಜಕ್ಕೂ ಉಪಯೋಗ ಆಗುವುದು ಮೂವತ್ತು ನಲವತ್ತು ದಿನ. ಕರ್ನಾಟಕದಲ್ಲಿ 2025-26ಕ್ಕೆ ನರೇಗಾ ಕೂಲಿ ದಿನಕ್ಕೆ 370 ಇತ್ತು. ಮಗುವಿನ ಕೆಲಸ ದೊಡ್ಡವರದರ ಅರ್ಧ ಎಂದರೂ ನಲವತ್ತು ದಿನಕ್ಕೆ 7,400. ಅದರಲ್ಲೂ ಅರ್ಧ ಭಾನುವಾರ, ದಸರಾ ರಜೆ, ಸಂಜೆಯ ಹೊತ್ತಿನಲ್ಲಿ ಆಗಿಹೋಗುತ್ತದೆ. ದಿನದ ಶಾಲೆ ಮುಗಿದ ಮೇಲೆ, ರಜೆಯಲ್ಲಿ ಸ್ವಂತ ಮನೆಯ ಕೆಲಸಕ್ಕೆ ಕೈಜೋಡಿಸುವುದಕ್ಕೆ ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯಲ್ಲೂ ಅಡ್ಡಿಯಿಲ್ಲ, ಅಪಾಯದ ಕೆಲಸ ಆಗಿರಬಾರದು ಅಷ್ಟೇ. 14 ತುಂಬದ ಮಗುವನ್ನು ಬೇರೆಯವರಲ್ಲಿ ಕೆಲಸಕ್ಕೆ ಇಡುವುದು ಮಾತ್ರ ಅಪರಾಧ.

ಆದರೆ ಆ ನಲವತ್ತು ದಿನವನ್ನು ಶಾಲಾ ದಿನಗಳಿಂದಲೇ ಕಿತ್ತುಕೊಂಡರೆ ನಷ್ಟ 7,400ಕ್ಕೆ ನಿಲ್ಲದು. ಗಣಿತ ಮೆಟ್ಟಿಲು ಮೆಟ್ಟಿಲಾಗಿ ಬರುವ ವಿಷಯ. ನಾಲ್ಕರಲ್ಲಿ ಭಾಗಾಕಾರ ಹೇಳಿಕೊಡುವ ಮೂರು ವಾರ ತಪ್ಪಿದ ಮಗುವಿಗೆ ಐದರ ಭಿನ್ನರಾಶಿ ಹತ್ತದು, ಏಳರ ಬೀಜಗಣಿತ ಹತ್ತದು. ಒಂಬತ್ತಕ್ಕೆ ಬಂದಾಗ ಮನೆಯವರು "ಇವನಿಗೆ ಓದು ಹತ್ತೋದಿಲ್ಲ" ಎನ್ನುತ್ತಾರೆ. ನಿಮ್ಮ ಮಗನ ಗಣಿತದ ಕಷ್ಟದ ಬೇರು ಹತ್ತನೇ ತರಗತಿಯಲ್ಲಿಲ್ಲ, ಕೆಳಗೆಲ್ಲೋ ಇದೆ. ಹುಡುಕುವ ದಾರಿಯನ್ನು ಮುಂದೆ ಹೇಳುತ್ತೇನೆ.

ಮಗನ ಲೆಕ್ಕ

ಮೊದಲು ಆ 8,000ವನ್ನು ನೋಡೋಣ. 14ರಿಂದ 18ರೊಳಗಿನವರನ್ನು ಅಪಾಯವಿಲ್ಲದ ಕೆಲಸಕ್ಕೆ ಇಟ್ಟುಕೊಳ್ಳಬಹುದಾದರೂ ರಾತ್ರಿ 7ರಿಂದ ಬೆಳಗ್ಗೆ 8ರವರೆಗೆ ಕೆಲಸ ಮಾಡಿಸುವಂತಿಲ್ಲ. ದಿನದ ಅವಧಿಗೂ ಕೇಂದ್ರದ ಕಾಯ್ದೆ ಮಿತಿ ಹಾಕಿದೆ. ಬಟ್ಟೆ ಅಂಗಡಿಯ ವ್ಯಾಪಾರ ಏರುವುದೇ ಸಂಜೆ ಏಳರ ಮೇಲೆ. ಹಾಗಾಗಿ ಆ ಸಂಬಳ ಕಾನೂನು ಮೀರಿದ ದುಡಿಮೆಗೆ ಸಿಗುವ ಸಂಬಳ. ಲೆಕ್ಕಕ್ಕಾಗಿ ಅಷ್ಟೂ ಸಿಕ್ಕೇ ಸಿಗುತ್ತದೆ ಎಂದಿಟ್ಟುಕೊಳ್ಳೋಣ.

ಈಗ ಹತ್ತು ಮುಗಿಸಿ ಎರಡು ವರ್ಷದ ಐಟಿಐ ಮಾಡಿಸುತ್ತೀರಿ ಎಂದುಕೊಳ್ಳಿ. ಒಟ್ಟು ಮೂರು ವರ್ಷ. ಬಿಟ್ಟ ಸಂಬಳ ವರ್ಷಕ್ಕೆ 96,000. ನೇರ ಖರ್ಚು ಹತ್ತಕ್ಕೆ 6,000, ಐಟಿಐಗೆ ವರ್ಷಕ್ಕೆ 15,000 ಎಂದು ಹಿಡಿದರೆ ಸರಾಸರಿ 12,000. ಅವನು ರಜೆಯಲ್ಲಿ, ಸುಗ್ಗಿಯಲ್ಲಿ ನಿಮ್ಮ ಹೊಲದಲ್ಲಿ ನಲವತ್ತು ದಿನ ದುಡಿದರೆ 300 ರೂಪಾಯಿಯಂತೆ 12,000 ಕೂಲಿ ಉಳಿಯಿತು. ಅಲ್ಲಿಗೆ ನೇರ ಖರ್ಚು ಮತ್ತು ಈ ಉಳಿತಾಯ ವಜಾ ಆಗಿ, ವರ್ಷಕ್ಕೆ 96,000ದಂತೆ ಮೂರು ವರ್ಷಕ್ಕೆ 2,88,000 ನಿಮ್ಮ ಬಂಡವಾಳ.

ಇದು ಹುಟ್ಟಬೇಕಾದರೆ ಐಟಿಐ ಆದ ಮಗ, ಆಗದ ಮಗನಿಗಿಂತ ಅದೇ ವಯಸ್ಸಿನಲ್ಲಿ ಎಷ್ಟು ಹೆಚ್ಚು ದುಡಿಯಬೇಕು? ದುಡಿಮೆಯ ಆಯುಷ್ಯ ನಲವತ್ತು ವರ್ಷ ಎಂದು ಹಿಡಿದು, ಬ್ಯಾಂಕಿನಲ್ಲಿ ಇಟ್ಟಿದ್ದರೆ ಸಿಗುತ್ತಿದ್ದ ಶೇ 7ರ ಬಡ್ಡಿಯನ್ನು ಮೊದಲ ಮೂರು ವರ್ಷಕ್ಕೂ ಸೇರಿಸಿದರೆ ತಿಂಗಳಿಗೆ ಸುಮಾರು 2,000 ಬರುತ್ತದೆ. ಅಷ್ಟು ಹೆಚ್ಚು ಸಿಕ್ಕರೆ ಓದು ಬ್ಯಾಂಕಿಗೆ ಸಮ. ಅದಕ್ಕಿಂತ ಹೆಚ್ಚು ಸಿಕ್ಕಿದ್ದೆಲ್ಲ ಲಾಭ. ಎಲೆಕ್ಟ್ರಿಷಿಯನ್, ಫಿಟ್ಟರ್ ಟ್ರೇಡು ಸರಿಯಾಗಿ ಕಲಿತವನಿಗೂ ಬಟ್ಟೆ ಅಂಗಡಿಯ ಸೇಲ್ಸ್‌ಮನ್‌ಗೂ ಮೂವತ್ತನೇ ವಯಸ್ಸಿನಲ್ಲಿ ಎಷ್ಟು ಅಂತರವಿದೆ ಎಂದು ದಾವಣಗೆರೆ, ಹರಿಹರದಲ್ಲಿ ನಾಲ್ಕು ಜನರನ್ನು ಕೇಳಿ ನೋಡಿ. ನನ್ನ ಮಾತಿಗಿಂತ ಅದು ನಂಬಿಕೆಗೆ ಅರ್ಹ.

ಇದೇ ಲೆಕ್ಕದಲ್ಲಿ ಬಡ್ಡಿ ಬದಲಿಸಿ. ಆ ಮೂರು ವರ್ಷದ ಕೊರತೆಯನ್ನೆಲ್ಲ ನೂರಕ್ಕೆ ಎರಡು ರೂಪಾಯಿಯ ಕೈಸಾಲದಿಂದ, ಅಂದರೆ ವರ್ಷಕ್ಕೆ ಶೇ 24ರಲ್ಲಿ ತುಂಬಿದರೆ, ಸಮ ಆಗಲು ತಿಂಗಳಿಗೆ 2,000 ಸಾಲದು, ಸುಮಾರು 8,000 ಹೆಚ್ಚು ದುಡಿಯಬೇಕು. ಹುಡುಗ ಅದೇ, ಕೋರ್ಸು ಅದೇ, ಬಡ್ಡಿ ಮಾತ್ರ ಬೇರೆ. "ಓದಿಸಿ ಹಾಳಾದೆವು" ಎನ್ನುವ ಮನೆಗಳ ಲೆಕ್ಕ ಬಿಡಿಸಿದರೆ ಬಹಳ ಕಡೆ ಸಿಗುವುದು ಈ ಎರಡು ರೂಪಾಯಿ ಬಡ್ಡಿ. ಓದಿಗೆ ಸಾಲ ಬೇಕೇ ಬೇಕು ಎಂದಾದರೆ ಬ್ಯಾಂಕಿನ ಶಿಕ್ಷಣ ಸಾಲವೊಂದೇ ದಾರಿ. 4 ಲಕ್ಷದವರೆಗೆ ಮಾರ್ಜಿನ್ ಹಣ (ನಿಮ್ಮ ಕೈಯಿಂದ ಹಾಕುವ ಪಾಲು) ಕೇಳುವಂತಿಲ್ಲ, 7.5 ಲಕ್ಷದವರೆಗೆ ಅಡಮಾನ ಕೇಳುವಂತಿಲ್ಲ. ಓದು ಮುಗಿಯುವವರೆಗೆ ಕಂತೂ ಇಲ್ಲ.

ಪ್ರಮಾಣಪತ್ರ ಎಂಬ ಗೇಟು

ಓದಿನ ಲಾಭ ವರ್ಷ ವರ್ಷಕ್ಕೂ ಸಮನಾಗಿ ಏರುವುದಿಲ್ಲ. ಒಂದು ವರ್ಷದ ಓದು ಗಳಿಕೆಯನ್ನು ಎಷ್ಟು ಏರಿಸುತ್ತದೆ ಎಂದು ಅಳೆಯುವ ಸೂತ್ರವನ್ನು ಜೇಕಬ್ ಮಿನ್ಸರ್ 1974ರಲ್ಲಿ ರೂಢಿಗೆ ತಂದ ಮೇಲೆ ನೂರಕ್ಕೂ ಹೆಚ್ಚು ದೇಶಗಳಲ್ಲಿ ಅದನ್ನು ಹಾಕಿ ನೋಡಿದ್ದಾರೆ. 2018ರಲ್ಲಿ ವಿಶ್ವಬ್ಯಾಂಕಿನ ತಜ್ಞರು ಒಟ್ಟುಗೂಡಿಸಿದ ಸರಾಸರಿ ವರ್ಷಕ್ಕೆ ಸುಮಾರು ಶೇ 9. ಹೆಣ್ಣುಮಕ್ಕಳಿಗೆ ಗಂಡುಮಕ್ಕಳಿಗಿಂತ ಸುಮಾರು ಎರಡು ಅಂಶ ಹೆಚ್ಚು. ಭಾರತದಲ್ಲಿ ಈ ಗೆರೆ ಕೆಳಗೆ ಚಪ್ಪಟೆ, ಮೇಲೆ ಕಡಿದು. ಪ್ರೈಮರಿ ಓದಿದ್ದಕ್ಕೆ ಸಂಬಳದಲ್ಲಿ ಸಿಗುವುದು ಕಡಿಮೆ. ಹೈಸ್ಕೂಲು ದಾಟಿದ ಮೇಲೆ, ಅದರಲ್ಲೂ ಡಿಪ್ಲೊಮಾ-ಪದವಿಯಲ್ಲಿ ಜಿಗಿಯುತ್ತದೆ. ಕೆಳಗಿನದನ್ನು ಹಾರಿ ಮೇಲಿನದಕ್ಕೆ ಹೋಗಲಾಗದು ಎನ್ನುವುದು ಬೇರೆ ಮಾತು.

ಜಿಗಿತಕ್ಕೆ ಒಂದು ಕಾರಣ ಗೇಟುಗಳು. ಅಂಗನವಾಡಿ ಸಹಾಯಕಿಗೆ ಎಸ್ಸೆಸ್ಸೆಲ್ಸಿ, ಕಾರ್ಯಕರ್ತೆಗೆ ಪಿಯುಸಿ. ಸಿವಿಲ್ ಪೊಲೀಸ್ ಕಾನ್‌ಸ್ಟೆಬಲ್‌ಗೆ, ಗ್ರಾಮ ಆಡಳಿತಾಧಿಕಾರಿಗೆ ಪಿಯುಸಿ. ಐಟಿಐಯ ಒಳ್ಳೆಯ ಟ್ರೇಡುಗಳಿಗೆ, ಡಿಪ್ಲೊಮಾಕ್ಕೆ ಎಸ್ಸೆಸ್ಸೆಲ್ಸಿ. ಒಂಬತ್ತು ಓದಿ ಬಿಟ್ಟವನಿಗೂ ಏಳು ಓದಿ ಬಿಟ್ಟವನಿಗೂ ಈ ಗೇಟುಗಳ ಮುಂದೆ ವ್ಯತ್ಯಾಸವೇ ಇಲ್ಲ. ನೀವು ಒಂಬತ್ತು ವರ್ಷ ಕಟ್ಟಿದ ಬಂಡವಾಳಕ್ಕೆ ಚೀಟಿ ಸಿಗುವುದು ಇನ್ನು ಹತ್ತು ತಿಂಗಳಿಗೆ. ಈಗ ಬಿಡಿಸುವಷ್ಟು ದುಬಾರಿ ಸಮಯ ಇನ್ನೊಂದಿಲ್ಲ. ಇದೇ ಕಾರಣಕ್ಕೆ, ಒಂದನೇ ಪಿಯುಸಿ ಮುಗಿಸಿ ಎರಡಕ್ಕೆ ಬಿಡುವುದು ಪಿಯುಸಿಗೆ ಸೇರದೇ ಇರುವುದಕ್ಕಿಂತ ಕೆಟ್ಟ ವ್ಯವಹಾರ.

ಫೇಲಾದರೆ ಎನ್ನುವ ಅಂಜಿಕೆ ಮೊದಲಿನಷ್ಟು ಬೇಕಿಲ್ಲ. ಎಸ್ಸೆಸ್ಸೆಲ್ಸಿಗೆ ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಮೊದಲನೆಯದರಲ್ಲಿ ಗಣಿತ ಹೋದರೂ ಅದೇ ವರ್ಷ ಮತ್ತೆ ಅವಕಾಶ. ಒಂದು ವಿಷಯಕ್ಕೆ ವರ್ಷ ಕಳೆದುಕೊಳ್ಳುವ ಕಾಲ ಮುಗಿದಿದೆ.

ಗಣಿತದ ಬೇರು ಹುಡುಕಲು ಟ್ಯೂಷನ್‌ಗೆ ಮೊದಲು ಹತ್ತು ನಿಮಿಷ ಮನೆಯಲ್ಲಿ ಕೂರಿ. 'ಅಸರ್' ಸಮೀಕ್ಷೆಯವರು ಹಳ್ಳಿಗಳಲ್ಲಿ ಮಾಡುವ ಪರೀಕ್ಷೆಯನ್ನೇ ಮಾಡಿ: ಎರಡನೇ ತರಗತಿಯ ಮಟ್ಟದ ಒಂದು ಕಥೆ ತಡವರಿಸದೆ ಓದಬೇಕು, ದಶಕ ತೆಗೆದುಕೊಳ್ಳುವ ಎರಡಂಕಿಯ ಕಳೆಯುವ ಲೆಕ್ಕ ಮಾಡಬೇಕು, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸಬೇಕು. ಹತ್ತನೇ ತರಗತಿಯವನಿಗೆ ಇದನ್ನು ಕೊಡುವುದು ಅವಮಾನ ಎನಿಸಬಹುದು. ಆದರೂ ಕೊಡಿ. ಭಾಗಾಕಾರದಲ್ಲಿ ತಪ್ಪಿದರೆ ತಿಂಗಳಿಗೆ 800 ಕೊಟ್ಟು ಹತ್ತನೇ ತರಗತಿಯ ಗಣಿತಕ್ಕೆ ಟ್ಯೂಷನ್ ಹಾಕುವುದು ದಂಡ. ಮೊದಲು ಭಾಗಾಕಾರ, ಭಿನ್ನರಾಶಿ, ಋಣ ಸಂಖ್ಯೆಯನ್ನು ಎರಡು ತಿಂಗಳು ತಿದ್ದಿಸಬೇಕು. ಊರಿನಲ್ಲಿ ಪಿಯುಸಿ ಓದುವ ಹುಡುಗಿಯೊಬ್ಬಳು ದಿನಕ್ಕೆ ಒಂದು ಗಂಟೆ ಕೂತರೆ ಸಾಕು.

ಬಿಇ ಮುಗಿಸಿ ಮನೆಯಲ್ಲಿರುವ ಹುಡುಗ

ನಿಮ್ಮ ಅನುಮಾನದ ಮೂಲ ಅವನೇ ಎಂದು ಕಾಣುತ್ತದೆ, ಹಾಗಾಗಿ ಸ್ವಲ್ಪ ನಿಲ್ಲೋಣ.

ಓದಿ ಕೆಲಸ ಸಿಗದವರು ಊರಿನಲ್ಲಿರುತ್ತಾರೆ. ಸಿಕ್ಕವರು ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುತ್ತಾರೆ, ಊರಹಬ್ಬಕ್ಕೆ ಬಂದು ಹೋಗುತ್ತಾರೆ. ಹಳ್ಳಿಯ ಕಟ್ಟೆಯ ಮೇಲೆ ಕೂತು ಎಣಿಸಿದರೆ ಸೋತವರೇ ಸಿಗುವುದು. ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ರಾಬರ್ಟ್ ಜೆನ್ಸನ್ ಎಂಬ ಅರ್ಥಶಾಸ್ತ್ರಜ್ಞ ಎಂಟನೇ ತರಗತಿ ಹುಡುಗರನ್ನು ಕೇಳಿದಾಗ, ಮುಂದೆ ಓದಿದರೆ ಸಿಗುವ ಹೆಚ್ಚಿನ ಸಂಬಳವನ್ನು ಅವರು ನಿಜಕ್ಕಿಂತ ಬಹಳ ಕಡಿಮೆ ಅಂದಾಜು ಮಾಡಿದ್ದರು. ಕೆಲವು ಶಾಲೆಗಳಲ್ಲಿ ನಿಜವಾದ ಅಂಕಿ ಹೇಳಿದ ಮೇಲೆ ಆ ಹುಡುಗರು ಮುಂದಿನ ನಾಲ್ಕು ವರ್ಷದಲ್ಲಿ ಸರಾಸರಿ 0.20ರಿಂದ 0.35 ವರ್ಷ ಹೆಚ್ಚು ಓದಿದರು. ಖರ್ಚಿಲ್ಲದೆ, ಬರೀ ಒಂದು ಅಂಕಿಯಿಂದ. ನೀವೂ ನಿಮ್ಮ ಊರಿನಲ್ಲಿ ಹತ್ತು ವರ್ಷದ ಹಿಂದೆ ಎಸ್ಸೆಸ್ಸೆಲ್ಸಿ ಪಾಸಾದ ಎಲ್ಲರ ಪಟ್ಟಿ ಮಾಡಿ, ಊರು ಬಿಟ್ಟವರನ್ನೂ ಸೇರಿಸಿ. ಚಿತ್ರ ಬೇರೆಯೇ ಬರುತ್ತದೆ.

ಇನ್ನೊಂದು ಮಾತು. ಸರ್ಕಾರದ ಉದ್ಯೋಗ ಸಮೀಕ್ಷೆಗಳಲ್ಲಿ ಪದವೀಧರರ ನಿರುದ್ಯೋಗ ಅನಕ್ಷರಸ್ಥರದಕ್ಕಿಂತ ಹೆಚ್ಚು. ಇದರಿಂದ ಓದು ದಂಡ ಎಂದು ತೀರ್ಮಾನಿಸಬಾರದು. ಅನಕ್ಷರಸ್ಥ ಕೂಲಿಗೆ ಕಾಯುವ ಅನುಕೂಲವೇ ಇಲ್ಲ, ಸಿಕ್ಕ ಕೆಲಸಕ್ಕೆ ಹೋಗುತ್ತಾನೆ, ಹಾಗಾಗಿ 'ಉದ್ಯೋಗಿ'. ಪದವೀಧರ ಅಪ್ಪನ ಊಟದ ಮೇಲೆ ಒಳ್ಳೆಯ ಕೆಲಸಕ್ಕೆ ಕಾಯುತ್ತಾನೆ. ಆದರೆ ಕಾಯುವುದಕ್ಕೂ ಬೆಲೆ ಇದೆ. ತಿಂಗಳಿಗೆ 12,000ದ ಕೆಲಸವನ್ನು ಬೇಡ ಎಂದು ಎರಡು ವರ್ಷ ಕೂತರೆ 2,88,000 ಹೋಯಿತು, ಮೇಲೆ ನಾನು ಹೇಳಿದ ಐಟಿಐ ಬಂಡವಾಳದಷ್ಟೇ. ಕೆಪಿಎಸ್‌ಸಿ, ಪಿಎಸ್‌ಐ ಎಂದು ಧಾರವಾಡದಲ್ಲಿ ಕೋಣೆ ಮಾಡುವ ಹುಡುಗರಿಗೆ ಮನೆಯವರು ಮೊದಲೇ ಗಡುವು ಹಾಕಬೇಕು.

ಎಂಜಿನಿಯರಿಂಗ್ ಪದವಿಯಲ್ಲಿ ಲಾಭದ ಸರಾಸರಿ ಹೆಚ್ಚು, ಏರಿಳಿತವೂ ಹೆಚ್ಚು. ಯಾವ ಕಾಲೇಜು, ಸಿಇಟಿ ಸೀಟೋ ಮ್ಯಾನೇಜ್‌ಮೆಂಟ್ ಸೀಟೋ, ಯಾವ ಬ್ರಾಂಚು ಎನ್ನುವುದರ ಮೇಲೆ ಹೋಗುತ್ತದೆ. ದಾವಣಗೆರೆಯ ಯುಬಿಡಿಟಿಯಂಥ ಸರ್ಕಾರಿ ವಿಶ್ವವಿದ್ಯಾಲಯದ ಕಾಲೇಜಿನ ಸಿಇಟಿ ಸೀಟಿಗೂ ಖಾಸಗಿಯ ಮ್ಯಾನೇಜ್‌ಮೆಂಟ್ ಸೀಟಿಗೂ ಪದವಿಯ ಹೆಸರು ಒಂದೇ, ಬಂಡವಾಳ ಮಾತ್ರ ಹಲವು ಪಟ್ಟು ಬೇರೆ. ಅಪಾಯ ಕಡಿಮೆ ಮಾಡುವ ಒಂದು ದಾರಿ ನಮ್ಮ ಪಾಲಕರಿಗೆ ಅಷ್ಟಾಗಿ ಗೊತ್ತಿಲ್ಲ. ಹತ್ತರ ನಂತರ ಪಿಯುಸಿ ಎರಡು ವರ್ಷ, ಬಿಇ ನಾಲ್ಕು, ಒಟ್ಟು ಆರು. ಹತ್ತರ ನಂತರ ಡಿಪ್ಲೊಮಾ ಮೂರು ವರ್ಷ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ಬಿಇಯ ಎರಡನೇ ವರ್ಷಕ್ಕೆ ನೇರ ಪ್ರವೇಶ, ಅಲ್ಲಿಂದ ಮೂರು, ಒಟ್ಟು ಅದೇ ಆರು. ವ್ಯತ್ಯಾಸವೆಂದರೆ ಎರಡನೇ ದಾರಿಯಲ್ಲಿ ಮೂರನೇ ವರ್ಷಕ್ಕೆ ಒಂದು ಬಾಗಿಲಿದೆ. ದುಡ್ಡು ಮುಗಿದರೆ, ಮನಸ್ಸು ಬದಲಾದರೆ ಡಿಪ್ಲೊಮಾ ಕೈಯಲ್ಲಿಟ್ಟುಕೊಂಡು ಹೊರಬರಬಹುದು. ಮೊದಲ ದಾರಿಯಲ್ಲಿ ಬಿಇ ಎರಡನೇ ವರ್ಷಕ್ಕೆ ನಿಂತವನ ಕೈಯಲ್ಲಿ ಪಿಯುಸಿ ಮಾತ್ರ. ಐಟಿಐ ಮುಗಿಸಿದವರಿಗೂ ಡಿಪ್ಲೊಮಾದ ಎರಡನೇ ವರ್ಷಕ್ಕೆ ಸೇರುವ ಅವಕಾಶ ಇದೆ. ದುಡ್ಡು ಬಿಗಿಯಿರುವ ಮನೆಗೆ, ಗಣಿತ ಮಧ್ಯಮವಾಗಿರುವ ಹುಡುಗನಿಗೆ ನಾನು ಹೇಳುವುದು ಈ ಮೆಟ್ಟಿಲನ್ನೇ.

ಹೊಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಐದು ಎಕರೆ ಮುಂದೆ ಇಬ್ಬರು ಮಕ್ಕಳಿಗೆ ಎರಡೂವರೆ ಆಗುತ್ತದೆ. ಕಾನೂನಿನಲ್ಲಿ ಮಗಳಿಗೂ ಸಮಪಾಲು. ಅಷ್ಟು ಖುಷ್ಕಿಯಲ್ಲಿ ಒಂದು ಸಂಸಾರ ನಡೆಯದು. ಹೊಲದಲ್ಲೇ ಇರುತ್ತಾನೆ ಎಂದರೂ ಓದು ದಂಡವಲ್ಲ. ಹಸಿರು ಕ್ರಾಂತಿಯ ಕಾಲದ ಭಾರತದ ಮನೆಗಳನ್ನು ಅಧ್ಯಯನ ಮಾಡಿದ ಫಾಸ್ಟರ್ ಮತ್ತು ರೋಸೆನ್‌ಜ್ವೀಗ್ 1996ರಲ್ಲಿ ತೋರಿಸಿದ್ದು, ಹೊಸ ತಳಿ, ಹೊಸ ಗೊಬ್ಬರ ಬಂದ ಕಡೆ ಪ್ರೈಮರಿ ಓದಿದ ರೈತರ ಲಾಭ ಹೆಚ್ಚಿತು ಎಂದು. ಬೇಸಾಯ ಹಳೆಯ ಜಾಡಿನಲ್ಲೇ ನಡೆಯುವ ಕಡೆ ಆ ವ್ಯತ್ಯಾಸ ಸಣ್ಣದು. ಜಗಳೂರಿಗೆ ಕೆರೆ ತುಂಬಿಸುವ ಯೋಜನೆ, ಭದ್ರಾ ಮೇಲ್ದಂಡೆಯ ನೀರು ಎಂದು ಬದಲಾವಣೆ ಬರುತ್ತಿರುವ ಹೊತ್ತಿದು. ನೀರು ಬಂದಲ್ಲಿ ಡ್ರಿಪ್ಪು, ಸಬ್ಸಿಡಿ ಅರ್ಜಿ, ಬೆಳೆ ವಿಮೆ, ಅಡಿಕೆ ಹಾಕಬೇಕೋ ಬೇಡವೋ ಎಂಬ ಹತ್ತು ವರ್ಷದ ಲೆಕ್ಕ ಎಲ್ಲ ಬರುತ್ತವೆ.

ಮಗಳ 60,000

ಇಂಗ್ಲಿಷಿಗೆ ಬೆಲೆ ಇದೆ, ಅದನ್ನು ಅಲ್ಲಗಳೆಯಲಾಗದು. ಭಾರತದ ಅಂಕಿಗಳ ಮೇಲೆ 2013ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಇಂಗ್ಲಿಷನ್ನು ಸರಾಗವಾಗಿ ಮಾತನಾಡುವ ಗಂಡಸರ ಗಂಟೆಯ ಗಳಿಕೆ ಮಾತನಾಡದವರಿಗಿಂತ ಸರಾಸರಿ ಶೇ 34 ಹೆಚ್ಚು. ಸ್ವಲ್ಪ ಬಲ್ಲವರದು ಶೇ 13. ಪ್ರಶ್ನೆ ಇರುವುದು ಆ 60,000ಕ್ಕೆ ಇಂಗ್ಲಿಷು ಸಿಗುತ್ತದೆಯೇ, ಅಥವಾ ಟೈ, ವ್ಯಾನು, ಡೈರಿ ಸಿಗುತ್ತದೆಯೇ ಎಂದು. ನಮ್ಮ ಗಡಿಯಾಚೆಯ ಆಂಧ್ರದಲ್ಲಿ (ಆಗಿನ್ನೂ ತೆಲಂಗಾಣ ಬೇರೆಯಾಗಿರಲಿಲ್ಲ) ಹಳ್ಳಿಯ ಮಕ್ಕಳಿಗೆ ಚೀಟಿ ಎತ್ತಿ ಖಾಸಗಿ ಶಾಲೆಯ ಫೀಸು ಕೊಟ್ಟು, ಎರಡು ಮತ್ತು ನಾಲ್ಕು ವರ್ಷದ ಮೇಲೆ ಪರೀಕ್ಷಿಸಿದರು. ತೆಲುಗು, ಗಣಿತ, ಇಂಗ್ಲಿಷ್ ಯಾವುದರಲ್ಲೂ ಸರ್ಕಾರಿ ಶಾಲೆಯಲ್ಲೇ ಉಳಿದವರಿಗಿಂತ ಎದ್ದು ಕಾಣುವ ಮುನ್ನಡೆ ಇರಲಿಲ್ಲ. ಹಿಂದಿಯಲ್ಲಿ ಮಾತ್ರ ಇತ್ತು, ಏಕೆಂದರೆ ಖಾಸಗಿ ಶಾಲೆಗಳು ಅದನ್ನು ಕಲಿಸುತ್ತಿದ್ದವು.

ಎಲ್ಲ ಖಾಸಗಿ ಶಾಲೆಯೂ ಹೀಗೆ ಎನ್ನುತ್ತಿಲ್ಲ. ನೋಡುವ ರೀತಿ ಹೇಳುತ್ತೇನೆ: ಆ ಶಾಲೆಯಲ್ಲಿ ಆರನೇ ತರಗತಿ ಓದುವ ನಿಮಗೆ ಪರಿಚಯದ ಇಬ್ಬರು ಮಕ್ಕಳನ್ನು ಹಿಡಿದು, ಪಾಠದಲ್ಲಿಲ್ಲದ ನಾಲ್ಕು ಸಾಲಿನ ಇಂಗ್ಲಿಷ್ ಓದಿಸಿ, ಅರ್ಥವನ್ನು ಕನ್ನಡದಲ್ಲಿ ಹೇಳಿಸಿ. ಮೇಲಿನ ಭಾಗಾಕಾರವನ್ನೂ ಕೊಡಿ. ನಿಮ್ಮ ಊರಿನ ಶಾಲೆಯ ಮಕ್ಕಳಿಗೂ ಅದೇ. ಊರಿನ ಶಾಲೆ ನಿಜಕ್ಕೂ ಸೋತಿದ್ದರೆ, ಅಂದರೆ ಮೇಷ್ಟ್ರ ಹುದ್ದೆ ಖಾಲಿ, ಇರುವವರು ಸಭೆ-ಸಮೀಕ್ಷೆಯಲ್ಲೇ ಮುಳುಗಿದ್ದರೆ, ಆಗ ಬದಲಿಸುವ ಮಾತಾಡಬಹುದು. ಆಗಲೂ ಮೊದಲ ಆಯ್ಕೆ ದುಡ್ಡು ಕೇಳದ ಶಾಲೆಗಳು. ಮಗಳು ಐದರಲ್ಲಿರುವ ಈ ವರ್ಷವೇ ನವೋದಯ ಮತ್ತು ಮೊರಾರ್ಜಿ ದೇಸಾಯಿ, ಕಿತ್ತೂರು ರಾಣಿ ಚೆನ್ನಮ್ಮ ವಸತಿ ಶಾಲೆಗಳ ಆರನೇ ತರಗತಿ ಪ್ರವೇಶ ಪರೀಕ್ಷೆಗೆ ಅರ್ಜಿ ಹಾಕಬೇಕು. ಆದರ್ಶ ವಿದ್ಯಾಲಯಕ್ಕೂ ಆರಕ್ಕೇ ಪ್ರವೇಶ. ದಾವಣಗೆರೆ ಜಿಲ್ಲೆಯ ನವೋದಯ ಚನ್ನಗಿರಿ ತಾಲ್ಲೂಕಿನ ದೇವರಹಳ್ಳಿಯಲ್ಲಿದೆ. ಅಲ್ಲಿ ಶೇ 75 ಸೀಟು ಗ್ರಾಮೀಣ ಮಕ್ಕಳಿಗೆ. ಮೂರು, ನಾಲ್ಕು, ಐದನ್ನು ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ಹುಡುಗಿಯರಿಗೆ ಹನ್ನೆರಡರವರೆಗೂ ಶುಲ್ಕವಿಲ್ಲ. ತಿಂಗಳಿಗೆ 300-400 ರೂಪಾಯಿಯ ಅಭ್ಯಾಸ ಪುಸ್ತಕ, ಪ್ರಶ್ನೆಪತ್ರಿಕೆಗೆ ಹಾಕುವ ದುಡ್ಡಿಗೆ ಇಷ್ಟು ದೊಡ್ಡ ಪ್ರತಿಫಲ ಬೇರೆಲ್ಲೂ ಇಲ್ಲ. ಸೀಟು ಕಡಿಮೆ, ಪೈಪೋಟಿ ಹೆಚ್ಚು ಎಂಬುದನ್ನು ಮಾತ್ರ ತಿಳಿದು ಹೊರಡಿ.

ಖಾಸಗಿ ಶಾಲೆಯ ಬಿಲ್ಲಿನಲ್ಲಿ ಬರೆಯದ ಒಂದು ಖರ್ಚಿದೆ. ಸಿಇಟಿ ಮೂಲಕ ಸಿಗುವ ವೃತ್ತಿಪರ ಕೋರ್ಸುಗಳ ಸೀಟಿನಲ್ಲಿ ಗ್ರಾಮೀಣರಿಗೆ ಶೇ 15, ಕನ್ನಡ ಮಾಧ್ಯಮದವರಿಗೆ ಶೇ 5 ಮೀಸಲು. ರಾಜ್ಯ ಸರ್ಕಾರದ ನೇಮಕಾತಿಯಲ್ಲೂ ಈ ಎರಡು ಮೀಸಲಾತಿ ಇವೆ. ಷರತ್ತು: ಒಂದರಿಂದ ಹತ್ತರವರೆಗೆ ಪೂರ್ತಿ ಹಳ್ಳಿಯಲ್ಲಿ, ಪೂರ್ತಿ ಕನ್ನಡದಲ್ಲಿ ಓದಿರಬೇಕು. ಆರಕ್ಕೆ ಪೇಟೆಯ ಇಂಗ್ಲಿಷ್ ಮೀಡಿಯಂಗೆ ಹೋದ ದಿನ ಮಗಳ ಐದು ವರ್ಷದ ಗಳಿಕೆ ಎರಡೂ ಕಡೆ ಸೊನ್ನೆ. ಶಾಲೆ ಪಟ್ಟಣ ಪಂಚಾಯತಿ, ಪುರಸಭೆಯ ವ್ಯಾಪ್ತಿಯಲ್ಲಿದ್ದರೂ ಗ್ರಾಮೀಣ ಎನಿಸುವುದಿಲ್ಲ. ಸೇರಿಸುವ ಮೊದಲೇ ಬಿಇಒ ಕಚೇರಿಯಲ್ಲಿ ಕೇಳಿ. ನವೋದಯದಂಥ ಕಡೆ ಈ ನಷ್ಟವನ್ನು ಮೀರಿಸುವಷ್ಟು ಓದು ಸಿಗುತ್ತದೆ. 60,000ದ ಶಾಲೆಯಲ್ಲಿ ಸಿಗುತ್ತದೆಯೇ ಎನ್ನುವುದು ನಿಮ್ಮ ನಾಲ್ಕು ಸಾಲಿನ ಪರೀಕ್ಷೆಯಲ್ಲಿ ಗೊತ್ತಾಗಬೇಕು.

ಆ ದುಡ್ಡನ್ನು ತಿಂಗಳಿಗೆ 5,000ದಂತೆ ಅಂಚೆ ಕಚೇರಿಯ ಐದು ವರ್ಷದ ಆರ್‌ಡಿಗೆ ಕಟ್ಟಿದರೆ, ಶೇ 6.7ರ ದರದಲ್ಲಿ ಕೊನೆಗೆ ಸಿಗುವುದು ಸುಮಾರು 3,56,800. ಮಗಳು ಹತ್ತು ಮುಗಿಸುವ ಹೊತ್ತಿಗೆ ಸರಿಯಾಗಿ ಕೈಗೆ ಬರುತ್ತದೆ. ಖುಷ್ಕಿ ಮನೆಯಲ್ಲಿ ತಿಂಗಳ ಕಂತು ಕಷ್ಟ, ದುಡ್ಡು ಬರುವುದು ಫಸಲು ಮಾರಿದಾಗ. ಅಂಥವರಿಗೆ ಸುಕನ್ಯಾ ಸಮೃದ್ಧಿ ಅನುಕೂಲ: ಮಗಳಿಗೆ ಹತ್ತು ತುಂಬುವ ಮೊದಲು ತೆರೆದಿರಬೇಕು, ವರ್ಷಕ್ಕೆ 250ರಿಂದ 1.5 ಲಕ್ಷದವರೆಗೆ ಯಾವಾಗ ಬೇಕಾದರೂ ಕಟ್ಟಬಹುದು, ಹತ್ತು ಪಾಸಾದ ಮೇಲೆ ಮುಂದಿನ ಓದಿಗೆ ಅರ್ಧದವರೆಗೆ ತೆಗೆಯಬಹುದು. ವಯಸ್ಸು ದಾಟಿದ್ದರೆ ಆರ್‌ಡಿಯೇ ಗತಿ. 500 ರೂಪಾಯಿಯ ಸಣ್ಣ ಸಣ್ಣ ಹತ್ತು ಆರ್‌ಡಿ ತೆರೆದರೆ ಬರಗಾಲದ ವರ್ಷ ನಾಲ್ಕನ್ನು ನಿಲ್ಲಿಸಿ ಆರನ್ನು ಉಳಿಸಿಕೊಳ್ಳಬಹುದು.

"ಹೆಣ್ಣುಮಗಳ ಓದಿನ ಫಲ ಗಂಡನ ಮನೆಗೆ" ಎಂಬ ಮಾತನ್ನು ನೀವು ಬರೆದಿಲ್ಲ, ಆದರೆ ಎಷ್ಟೋ ಮನೆಗಳ ಲೆಕ್ಕದಲ್ಲಿ ಅದು ಸದ್ದಿಲ್ಲದೆ ಇರುತ್ತದೆ. ದುಡ್ಡು ಹಾಕುವವರು ಒಬ್ಬರು, ಫಲ ಉಣ್ಣುವವರು ಇನ್ನೊಬ್ಬರು ಎನ್ನುವುದು ಗಂಡುಮಗನ ವಿಷಯದಲ್ಲೂ ನಿಜ. ಬೆಂಗಳೂರಿಗೆ ಹೋದ ಮಗ ಎಷ್ಟು ಕಳಿಸುತ್ತಾನೆ ಎಂದು ಕೇಳಿ ನೋಡಿ. ಹುಡುಗಿಯ ಓದಿಗೆ ಮನೆಯ ನೇರ ಖರ್ಚು ಈಗ ಹುಡುಗನದಕ್ಕಿಂತ ಕಡಿಮೆ. ಸರ್ಕಾರಿ ಕಾಲೇಜುಗಳಲ್ಲಿ ಬೋಧನಾ ಶುಲ್ಕ ವಿನಾಯಿತಿ ಇದೆ, 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಉಚಿತ. ಆದರೆ ದಾವಣಗೆರೆ-ಚಿತ್ರದುರ್ಗ ಕಡೆ ಎಷ್ಟೋ ಹಳ್ಳಿಗೆ ಓಡುವುದು ಖಾಸಗಿ ಬಸ್ಸು, ಅಲ್ಲಿ ಶಕ್ತಿ ನಡೆಯದು. ಕಾಲೇಜು ಆಯ್ಕೆ ಮಾಡುವಾಗ ಬೆಳಗ್ಗೆ ಎಂಟರ ಸುಮಾರಿಗೆ ನಿಮ್ಮೂರಿಂದ ಹೊರಡುವ ಬಸ್ಸು ಯಾರದ್ದು ಎಂದು ನೋಡಿ. ದಿನಕ್ಕೆ ಹೋಗಿಬರಲು 60 ರೂಪಾಯಿ ಎಂದರೆ 220 ದಿನಕ್ಕೆ 13,200.

ಕಾಗದ-ಪತ್ರ

ಸಿಗಬೇಕಾದ ದುಡ್ಡು ಸಿಗದೆ ಹೋಗುವುದು ಇಲ್ಲಿ. ಮಗಳು ಎಂಟಕ್ಕೆ ಬಂದಾಗ ಕೇಂದ್ರದ ವಿದ್ಯಾರ್ಥಿವೇತನಕ್ಕಾಗಿ ನಡೆಯುವ ಎನ್‌ಎಂಎಂಎಸ್ ಪರೀಕ್ಷೆ ಬರೆಸಿ. ಆಯ್ಕೆಯಾದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000, ನಾಲ್ಕು ವರ್ಷಕ್ಕೆ 48,000. ಪಾಲಕರ ವರಮಾನ 3.5 ಲಕ್ಷ ಮೀರಿರಬಾರದು, ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲಿರಬೇಕು. ಖಾಸಗಿ ಅನುದಾನರಹಿತ ಶಾಲೆಯ ಮಗುವಿಗೆ ಇದು ಇಲ್ಲ. ರೈತರ ಮಕ್ಕಳಿಗೆಂದು 2021ರಲ್ಲಿ ಶುರುವಾದ ವಿದ್ಯಾನಿಧಿಯಲ್ಲಿ ಪಿಯುಸಿ, ಐಟಿಐ, ಡಿಪ್ಲೊಮಾ ಹುಡುಗರಿಗೆ 2,500, ಹುಡುಗಿಯರಿಗೆ 3,000 ನಿಗದಿ ಮಾಡಲಾಗಿತ್ತು. ಅದಕ್ಕೆ ನಿಮ್ಮ ಜಮೀನಿನ ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ) ಬೇಕು. ಹಿಂದುಳಿದ ವರ್ಗದ ಹಾಸ್ಟೆಲ್ ಸಿಗದ ಮೆಟ್ರಿಕ್ ನಂತರದ ವಿದ್ಯಾರ್ಥಿಗಳಿಗೆ ವಿದ್ಯಾಸಿರಿಯಲ್ಲಿ ವರ್ಷಕ್ಕೆ ಹತ್ತು ತಿಂಗಳು ಸಹಾಯಧನ. ಈ ಕೊನೆಯ ಎರಡರ ಅರ್ಜಿ ರಾಜ್ಯದ ವಿದ್ಯಾರ್ಥಿವೇತನದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ.

ಅರ್ಜಿ ಮಂಜೂರಾಗಿಯೂ ಹಣ ಬಾರದೆ ಇದ್ದರೆ ಮೊದಲು ನೋಡಬೇಕಾದದ್ದು ವಿದ್ಯಾರ್ಥಿಯ ಬ್ಯಾಂಕ್ ಖಾತೆ ಆಧಾರ್‌ಗೆ ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಹಣ ಪಾವತಿ ನೋಡಿಕೊಳ್ಳುವ ಸಂಸ್ಥೆ) ಮೂಲಕ ಜೋಡಣೆ ಆಗಿದೆಯೇ ಎಂದು. ಪಾಸ್‌ಬುಕ್ಕಿಗೆ ಆಧಾರ್ ಕೊಟ್ಟಿದ್ದೇವೆ ಎನ್ನುವುದು ಸಾಲದು, ಬ್ಯಾಂಕಿನಲ್ಲಿ ಜೋಡಣೆಗೆಂದೇ ಬೇರೆ ಒಪ್ಪಿಗೆ ಪತ್ರ ಕೊಡಬೇಕು. ಆದಾಯ ಪ್ರಮಾಣಪತ್ರ ಐದು ವರ್ಷಕ್ಕೆ ಮುಗಿಯುತ್ತದೆ. ಮಗನದು ಯಾವಾಗ ಮಾಡಿಸಿದ್ದು ನೋಡಿ, ಮುಂದಿನ ಜೂನ್‌ನಲ್ಲಿ ಪ್ರವೇಶದ ಗಡಿಬಿಡಿಯಲ್ಲಿ ನಾಡಕಚೇರಿಯ ಸಾಲಿನಲ್ಲಿ ನಿಲ್ಲುವ ಬದಲು ಈಗಲೇ ಹೊಸದು ಮಾಡಿಸಿ. ಎಲ್ಲಕ್ಕಿಂತ ಮೊದಲು, ಈ ವಾರವೇ, ಹೆಡ್‌ಮಾಸ್ತರರ ಬಳಿ ಹೋಗಿ ಮಗನ ಶಾಲಾ ದಾಖಲೆಯ ಹೆಸರು, ಇನಿಷಿಯಲ್, ಹುಟ್ಟಿದ ದಿನಾಂಕವನ್ನು ಆಧಾರ್ ಜೊತೆ ಅಕ್ಷರಕ್ಕೆ ಅಕ್ಷರ ಹೋಲಿಸಿ. ಎಸ್ಸೆಸ್ಸೆಲ್ಸಿ ನೋಂದಣಿಗೆ ಮುಂಚೆ ತಿದ್ದುವುದು ಸುಲಭ. ಅಂಕಪಟ್ಟಿ ಅಚ್ಚಾದ ಮೇಲೆ ಅದೇ ಒಂದು ಇನಿಷಿಯಲ್‌ಗೆ ಬೆಂಗಳೂರಿನ ಮಂಡಳಿಯವರೆಗೆ ಕಾಗದ ಓಡಿಸಬೇಕಾಗುತ್ತದೆ.